ನರಬೇರಿನ ಸಿಸ್ಟ್ ನೋಯುತ್ತಿದ್ದರೆ: ಕಾಯುವುದೇ, ಸೂಜಿಯೇ, ಶಸ್ತ್ರಚಿಕಿತ್ಸೆಯೇ?

ಪ್ರಶ್ನೆ: ನನಗೆ 46 ವರ್ಷ. ಸುಮಾರು ಎರಡು ವರ್ಷಗಳಿಂದ ಸೊಂಟದ ಕೆಳಗೆ, ಬಾಲಮೂಳೆಗಿಂತ ಸ್ವಲ್ಪ ಮೇಲೆ, ಉರಿಯುವಂಥ ನೋವಿದೆ. ಕುಳಿತರೆ ಹೆಚ್ಚುತ್ತದೆ, ಮಲಗಿದರೆ ತಗ್ಗುತ್ತದೆ, ಬಲತೊಡೆಯ ಹಿಂಭಾಗಕ್ಕೂ ಇಳಿಯುತ್ತದೆ. ಎಂಆರ್‌ಐ ವರದಿಯಲ್ಲಿ ಎಲ್4-ಎಲ್5 ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದೂ, ಬಲಗಡೆಯ ಎಸ್2 ನರಬೇರಿನಲ್ಲಿ 2.2 ಸೆಂ.ಮೀ. ಅಳತೆಯ ಟಾರ್ಲೋವ್ ಸಿಸ್ಟ್ ಇದೆ ಎಂದೂ ಬರೆದಿದೆ. ಮೊದಲು ಕಂಡ ವೈದ್ಯರು ಇದರಿಂದ ನೋವು ಬರುವುದಿಲ್ಲ, ಮರೆತುಬಿಡಿ ಎಂದರು. ಎರಡನೆಯವರು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದರು. ಮೂರನೆಯವರು ಸೂಜಿಯಿಂದ ದ್ರವ ತೆಗೆದು ಅಂಟು ತುಂಬಬಹುದು ಎಂದರು. ಕೆಲವು ತಿಂಗಳಿಂದ ಮೂತ್ರ ಬಂದರೆ ತಡೆದುಕೊಳ್ಳುವುದೂ ಕಷ್ಟವಾಗಿದೆ. ನೋವಿಗೆ ಅಮಿಟ್ರಿಪ್ಟಿಲಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ಸಲಹೆಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ, ಆದರೆ ಅವರು ಉತ್ತರಿಸಿರುವುದು ಒಂದೇ ಪ್ರಶ್ನೆಗಲ್ಲ. ಮೊದಲಿನವರು ಇಂಥ ಸಿಸ್ಟ್‌ಗಳು ಸಾಮಾನ್ಯವಾಗಿ ಏನು ಮಾಡುತ್ತವೆ ಎಂಬುದನ್ನು ಹೇಳಿದ್ದಾರೆ. ಉಳಿದಿಬ್ಬರು ತಮಗೆ ಬರುವ ಚಿಕಿತ್ಸೆಯನ್ನು ಹೇಳಿದ್ದಾರೆ. ನಿಮ್ಮ ದೇಹದಲ್ಲಿರುವ ಈ ಒಂದು ಸಿಸ್ಟ್ ಏನು ಮಾಡುತ್ತಿದೆ ಎಂಬುದನ್ನು, ನಿಮ್ಮ ಪತ್ರದಿಂದ ತಿಳಿಯುವ ಮಟ್ಟಿಗೆ, ಇನ್ನೂ ಯಾರೂ ಕ್ರಮವಾಗಿ ಪರೀಕ್ಷಿಸಿಲ್ಲ. ಆದ್ದರಿಂದ ಯಾವ ಚಿಕಿತ್ಸೆ ಎನ್ನುವ ಮೊದಲು ಎರಡು ಸಂಗತಿಗಳು ಇತ್ಯರ್ಥವಾಗಬೇಕು. ನೋವು ಬರುತ್ತಿರುವುದು ಈ ಸಿಸ್ಟ್‌ನಿಂದಲೇ ಹೌದೇ? ಆ ನರ ಬರೀ ನೋಯುತ್ತಿದೆಯೇ, ಅಥವಾ ತನ್ನ ಕೆಲಸವನ್ನೂ ಕಳೆದುಕೊಳ್ಳುತ್ತಿದೆಯೇ? ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆ, ಹಿಂದಕ್ಕೆ ಪಡೆಯಬಹುದಾದ ಹೆಜ್ಜೆಗಳನ್ನು ಮೊದಲು, ಹಿಂದಕ್ಕೆ ಪಡೆಯಲಾಗದ ಹೆಜ್ಜೆಗಳನ್ನು ಕೊನೆಗೆ ಇಡುವುದು ಸುರಕ್ಷಿತವಾದ ಕ್ರಮ.

ಈ ಸಿಸ್ಟ್ ಎಂಥದ್ದೆಂದು ಮೊದಲು ತಿಳಿದುಕೊಳ್ಳಿ, ಏಕೆಂದರೆ ಮುಂದಿನ ಎಲ್ಲ ತೀರ್ಮಾನಗಳೂ ಅದರ ರಚನೆಯ ಮೇಲೆ ನಿಂತಿವೆ. ಬೆನ್ನುಹುರಿಯ ಸುತ್ತ ಪೊರೆಗಳ ಒಂದು ಚೀಲವಿದ್ದು, ಅದರೊಳಗೆ ಮಿದುಳಿನಿಂದ ಇಳಿದು ಬರುವ ತಿಳಿಯಾದ ದ್ರವ ತುಂಬಿರುತ್ತದೆ. ನರಬೇರುಗಳು ಹೊರಗೆ ಹೊರಡುವಾಗ ಆ ಪೊರೆಯ ಒಂದು ತೋಳನ್ನು ಹೊದ್ದುಕೊಂಡೇ ಹೊರಡುತ್ತವೆ. ನರಬೇರಿನ ಸಂವೇದನಾ ಗಂಟಿನ ಹತ್ತಿರ, ನರದ ಎರಡು ಹೊದಿಕೆಗಳ ನಡುವೆ ಈ ದ್ರವ ನುಸುಳಿ ಸೇರಿಕೊಂಡಾಗ ಆಗುವ ಉಬ್ಬೇ ಟಾರ್ಲೋವ್ ಸಿಸ್ಟ್. ಅಮೆರಿಕದ ನರಶಸ್ತ್ರಚಿಕಿತ್ಸಕ ಇಸಡೋರ್ ಟಾರ್ಲೋವ್ ಇದನ್ನು 1938ರಲ್ಲಿ ಶವಪರೀಕ್ಷೆಗಳಲ್ಲಿ ಕಂಡು ವಿವರಿಸಿದರು. ಅದು ರೋಗಲಕ್ಷಣಗಳನ್ನೂ ಉಂಟುಮಾಡಬಲ್ಲದು ಎಂದು ಅವರೇ ಹತ್ತು ವರ್ಷಗಳ ನಂತರ ಬರೆದರು. ಇದರ ಗೋಡೆಯಲ್ಲೇ, ಕೆಲವೊಮ್ಮೆ ಒಳಗಿನ ಪೊಳ್ಳಿನಲ್ಲೇ, ಜೀವಂತ ನರದ ಎಳೆಗಳು ಹಾದುಹೋಗುತ್ತವೆ. ಅಂಡಾಶಯದ ಅಥವಾ ಚರ್ಮದ ಸಿಸ್ಟ್ ಅನ್ನು ಇಡಿಯಾಗಿ ಬಿಡಿಸಿ ತೆಗೆಯುವ ಹಾಗೆ ಇದನ್ನು ತೆಗೆಯಲು ಬಾರದಿರುವುದಕ್ಕೆ ಕಾರಣ ಇಷ್ಟೇ. ಗೋಡೆಯನ್ನು ಕತ್ತರಿಸಿ ತೆಗೆದರೆ ನರವೂ ಅದರ ಜೊತೆ ಹೋಗುತ್ತದೆ, ಮತ್ತು ಬಾಲಮೂಳೆಯ ಮೇಲಿನ ಮೂಳೆಯಾದ ತ್ರಿಕಾಸ್ಥಿಯಿಂದ ಹೊರಡುವ ಎಸ್2ರಿಂದ ಎಸ್4ರವರೆಗಿನ ನರಗಳು ಮೂತ್ರ, ಮಲ ಮತ್ತು ಲೈಂಗಿಕ ಕ್ರಿಯೆಯನ್ನು ನಡೆಸುವ ನರಗಳು.

ಇದೇ ಜಾಗದಲ್ಲಿ ಇದೇ ರೀತಿ ಕಾಣುವ ಬೇರೆ ಚೀಲಗಳೂ ಇವೆ. ಪೊರೆ ಮಾತ್ರ ಉಬ್ಬಿ, ಒಳಗೆ ನರದ ಎಳೆ ಇಲ್ಲದ ಚೀಲಗಳು ಒಂದು ಬಗೆ. 1988ರಲ್ಲಿ ರೂಪುಗೊಂಡು ಇಂದಿಗೂ ಬಳಕೆಯಲ್ಲಿರುವ ವರ್ಗೀಕರಣ ಇವನ್ನು ಮೊದಲ ಗುಂಪಿನಲ್ಲಿ, ನರದ ಎಳೆಗಳಿರುವವನ್ನು ಎರಡನೆಯ ಗುಂಪಿನಲ್ಲಿ, ಬೆನ್ನುಹುರಿಯ ಹೊರಗಿನ ಗಟ್ಟಿ ಪೊರೆಯಾದ ಡ್ಯೂರಾದ ಒಳಗೇ ಇರುವವನ್ನು ಮೂರನೆಯ ಗುಂಪಿನಲ್ಲಿ ಇಡುತ್ತದೆ. ಬೆನ್ನೆಲುಬಿನ ಸಣ್ಣ ಕೀಲುಗಳಿಂದ ಹುಟ್ಟುವ ಸಿಸ್ಟ್ ಇವೆಲ್ಲಕ್ಕಿಂತ ಬೇರೆ, ಅದರ ಚಿಕಿತ್ಸೆಯೂ ಬೇರೆ. ಮೊದಲ ಗುಂಪಿನದಾದರೆ ಚೀಲವನ್ನು ಬೆನ್ನುಹುರಿಯ ದ್ರವಕ್ಕೆ ಸೇರಿಸುವ ಕುತ್ತಿಗೆಯಂಥ ಸಂಪರ್ಕವನ್ನು ಕಟ್ಟಿ ಮುಚ್ಚಿಬಿಡಬಹುದು. ನಿಮ್ಮದು ನಿಜವಾಗಿ ಯಾವ ಬಗೆಯದು ಎಂಬುದು ಈಗಿನ ವರದಿಯ ಒಂದು ಸಾಲಿನಿಂದ ಖಚಿತವಾಗುವುದಿಲ್ಲ.

ಸಿಸ್ಟ್ ಇದ್ದವರಿಗೆಲ್ಲ ನೋವಿರುವುದಿಲ್ಲ. ಬೇರೆ ಕಾರಣಕ್ಕೆ ಸೊಂಟದ ಎಂಆರ್‌ಐ ಮಾಡಿಸಿಕೊಂಡವರಲ್ಲಿ 100ಕ್ಕೆ ನಾಲ್ಕೈದು ಜನರಲ್ಲಿ ಇವು ಕಾಣುತ್ತವೆ, ಹೆಂಗಸರಲ್ಲಿ ಹೆಚ್ಚು, ಮತ್ತು ಅವರಲ್ಲಿ ಬಹುಪಾಲು ಮಂದಿಗೆ ಸಿಸ್ಟ್‌ನಿಂದ ಏನೂ ಆಗಿರುವುದಿಲ್ಲ. ಮೊದಲ ವೈದ್ಯರ ಮಾತಿನ ಹಿಂದಿರುವುದು ಈ ಸತ್ಯ. ಆದರೆ ಬಹುಪಾಲು ಸಿಸ್ಟ್‌ಗಳು ನೋಯುವುದಿಲ್ಲ ಎಂಬುದರಿಂದ ನಿಮ್ಮದು ನೋಯುತ್ತಿಲ್ಲ ಎಂದು ಸಿದ್ಧವಾಗುವುದಿಲ್ಲ. ವರ್ಷಗಟ್ಟಲೆ ಕುಳಿತುಕೊಳ್ಳಲಾಗದೆ, ನಿಂತೇ ಊಟ ಮಾಡಿ, ಪ್ರಯಾಣ ಬಿಟ್ಟು, ‘ನಿಮಗೇನೂ ಇಲ್ಲ’ ಎಂಬ ಮಾತು ಕೇಳುತ್ತ ಬಂದ ರೋಗಿಗಳನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೆಲವರ ನೋವಿನ ಮೂಲ ವರದಿಯ ಕೊನೆಯ ಸಾಲಿನಲ್ಲಿ ಬರೆದುಬಿಟ್ಟಿದ್ದ ಈ ಸಿಸ್ಟೇ ಆಗಿತ್ತು. ಇದಕ್ಕೆ ತದ್ವಿರುದ್ಧವಾದುದನ್ನೂ ಕಂಡಿದ್ದೇನೆ. ಸಿಸ್ಟ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೂ ನೋವು ಹಾಗೇ ಉಳಿದು, ಆಮೇಲೆ ಸೊಂಟದ ಕೀಲಿನಲ್ಲಿ ಕಾರಣ ಸಿಕ್ಕಿದ್ದುಂಟು. ಎರಡೂ ತಪ್ಪುಗಳ ಬೆಲೆಯನ್ನು ತೆರುವವರು ರೋಗಿಗಳೇ.

ಹಾಗಾದರೆ ಕಾರಣವನ್ನು ಗಟ್ಟಿಮಾಡಿಕೊಳ್ಳುವುದು ಹೇಗೆ? ನೋವಿನ ನಡತೆಯಿಂದ ಆರಂಭಿಸಬೇಕು. ಈ ಸಿಸ್ಟ್‌ಗೂ ಬೆನ್ನುಹುರಿಯ ದ್ರವಕ್ಕೂ ನಡುವೆ ಒಂದು ಕಿರಿದಾದ ದಾರಿ ಇರುತ್ತದೆ, ಮತ್ತು ಆ ದಾರಿ ಹಲವರಲ್ಲಿ ಸೈಕಲ್ ಟ್ಯೂಬಿನ ವಾಲ್ವ್ ಹಾಗೆ, ಒಳಗೆ ಹೋಗಲು ಬಿಟ್ಟು ಹೊರಗೆ ಬರಲು ತಡೆಯೊಡ್ಡುತ್ತದೆ ಎಂದು ಭಾವಿಸಲಾಗಿದೆ. ಎದ್ದು ನಿಂತಾಗ ಮತ್ತು ಕುಳಿತಾಗ ದ್ರವದ ಒತ್ತಡ ಬೆನ್ನೆಲುಬಿನ ತಳದಲ್ಲಿ ಹೆಚ್ಚಾಗಿರುತ್ತದೆ. ಕೆಮ್ಮಿದಾಗ, ಸೀನಿದಾಗ, ಮಲವಿಸರ್ಜನೆಗೆ ತಿಣುಕಿದಾಗ ಅದು ಇನ್ನೂ ಏರುತ್ತದೆ. ಹೀಗೆ ತುಂಬಿಕೊಂಡ ಚೀಲ ತನ್ನ ಗೋಡೆಯಲ್ಲಿರುವ ನರವನ್ನು ಹಿಗ್ಗಿಸುತ್ತದೆ, ಪಕ್ಕದ ನರವನ್ನು ಅದುಮುತ್ತದೆ, ವರ್ಷಗಳು ಕಳೆದಂತೆ ಸುತ್ತಲಿನ ಮೂಳೆಯನ್ನೂ ಸವೆಸುತ್ತದೆ. ಆದ್ದರಿಂದ ಕುಳಿತಷ್ಟೂ ಏರುವ, ಮಲಗಿ ಸ್ವಲ್ಪ ಹೊತ್ತಿಗೆ ಇಳಿಯುವ, ಕೆಮ್ಮಿದರೆ ಚುಚ್ಚುವ ನೋವು ಸಿಸ್ಟ್‌ನ ಕಡೆಗೆ ಬೊಟ್ಟು ಮಾಡುತ್ತದೆ. ನಿಮ್ಮ ವಿವರಣೆ ಇದಕ್ಕೆ ಹೊಂದುತ್ತದೆ, ಆದರೆ ಡಿಸ್ಕ್‌ನ ನೋವೂ ಕುಳಿತಾಗ ಮತ್ತು ಕೆಮ್ಮಿದಾಗ ಹೆಚ್ಚಬಹುದಾದ್ದರಿಂದ ಇದೊಂದರ ಮೇಲೆ ನಿಲ್ಲುವಂತಿಲ್ಲ.

ನೋವು ಹರಡುವ ದಾರಿ ಇನ್ನೂ ಹೆಚ್ಚು ಹೇಳುತ್ತದೆ. ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ ನಡುವಿನ ಎಲ್4-ಎಲ್5 ಡಿಸ್ಕ್ ಸಾಮಾನ್ಯವಾಗಿ ಎಲ್5 ನರವನ್ನು ಒತ್ತುತ್ತದೆ. ಆಗ ನೋವು ಅಥವಾ ಜೋಮು ಕಾಲಿನ ಹೊರಬದಿಯಲ್ಲಿ ಇಳಿದು ಪಾದದ ಮೇಲ್ಭಾಗಕ್ಕೂ ಹೆಬ್ಬೆರಳಿಗೂ ಬರುತ್ತದೆ, ಹೆಬ್ಬೆರಳನ್ನು ಮೇಲೆತ್ತುವ ಶಕ್ತಿ ಕುಂದಬಹುದು. ಎಸ್2 ನರದ್ದಾದರೆ ತೊಡೆಯ ಹಿಂಭಾಗ, ಪೃಷ್ಠದ ಒಳಭಾಗ. ಎಸ್3 ಮತ್ತು ಅದರ ಕೆಳಗಿನವು ಜನನಾಂಗ ಮತ್ತು ಗುದದ ಸುತ್ತಲಿನ ಭಾಗವನ್ನು ನೋಡಿಕೊಳ್ಳುತ್ತವೆ. ಪರೀಕ್ಷೆಯ ಕೊಠಡಿಯಲ್ಲಿ ಇದನ್ನು ತಿಳಿಯಲು ಬೇಕಾಗುವುದು ಒಂದು ಮೊಂಡು ಪಿನ್ನು ಮತ್ತು ಹತ್ತು ನಿಮಿಷದ ತಾಳ್ಮೆ: ಬಲಗಡೆ ಮತ್ತು ಎಡಗಡೆ ಒಂದೇ ಜಾಗವನ್ನು ಮೆಲ್ಲಗೆ ಮುಟ್ಟುತ್ತ, ತೊಡೆಯ ಹಿಂಭಾಗದಿಂದ ಪೃಷ್ಠದ ಕಡೆಗೆ, ಅಲ್ಲಿಂದ ಗುದದ ಅಂಚಿನವರೆಗೆ ಬರುತ್ತ, ಎಲ್ಲಿ ಚೂಪು ಮಂದವಾಗುತ್ತದೆ ಎಂದು ಕೇಳಬೇಕು, ಗುದದ ಸ್ನಾಯುವಿನ ಬಿಗಿಯನ್ನೂ ಅದರ ಪ್ರತಿವರ್ತನೆಯನ್ನೂ ನೋಡಬೇಕು. ಸಂಕೋಚದಿಂದಲೋ ಸಮಯದ ಅಭಾವದಿಂದಲೋ ಬಹಳ ಸಲ ಬಿಟ್ಟುಹೋಗುವುದು ಈ ಪರೀಕ್ಷೆಯೇ. ಮೂವರು ವೈದ್ಯರಲ್ಲಿ ಒಬ್ಬರಾದರೂ ಇದನ್ನು ಮಾಡಿದ್ದಾರೆಯೇ ಎಂದು ನೆನಪಿಸಿಕೊಳ್ಳಿ. ಮಾಡಿರದಿದ್ದರೆ, ಮುಂದಿನ ಭೇಟಿಯಲ್ಲಿ ನೀವೇ ಕೇಳಿ ಮಾಡಿಸಿಕೊಳ್ಳಿ.

ಇನ್ನು ಚಿತ್ರಗಳ ಮಾತು. ಸೊಂಟದ ಮಾಮೂಲಿ ಎಂಆರ್‌ಐ ಡಿಸ್ಕ್‌ಗಳಿಗಾಗಿ ತೆಗೆಯುವಂಥದ್ದು. ಅದರ ಅಡ್ಡಸೀಳು ಚಿತ್ರಗಳು ಬಹಳ ಸಲ ಎಲ್5-ಎಸ್1ರ ಹತ್ತಿರವೇ ಮುಗಿಯುತ್ತವೆ, ತ್ರಿಕಾಸ್ಥಿಯ ಕೆಳಭಾಗ ಚೌಕಟ್ಟಿನ ಹೊರಗೇ ಉಳಿಯುತ್ತದೆ. ನಿಮಗೆ ಬೇಕಾಗಿರುವುದು ತ್ರಿಕಾಸ್ಥಿಗೆಂದೇ ತೆಗೆದ, ತೆಳುವಾದ ಸೀಳುಗಳಲ್ಲಿ ಮೂರೂ ದಿಕ್ಕುಗಳಿಂದ ನೋಡುವ ಎಂಆರ್‌ಐ. ಅದರಲ್ಲಿ ಸಿಸ್ಟ್‌ಗಳು ಎಷ್ಟಿವೆ, ಎರಡೂ ಬದಿಯಲ್ಲಿವೆಯೇ, ಮೂಳೆ ಎಷ್ಟು ಸವೆದಿದೆ, ಪಕ್ಕದ ಎಸ್3 ಅದುಮಿಹೋಗಿದೆಯೇ ಎಂಬುದು ಕಾಣುತ್ತದೆ. ಬಿಳಿಯಾಗಿ ಹೊಳೆಯುವ ದ್ರವದ ಅಂಚಿನಲ್ಲಿ ಕಪ್ಪು ಗೆರೆಯಂತೆ ಹಾದುಹೋಗುವ ನರದ ಎಳೆಯನ್ನೂ ಒಳ್ಳೆಯ ಚಿತ್ರದಲ್ಲಿ ಗುರುತಿಸಬಹುದು. ಗಡ್ಡೆಯ ಸಂಶಯವಿದ್ದರೆ ಚಿತ್ರದಲ್ಲಿ ಎದ್ದು ಕಾಣಿಸುವ ಕಾಂಟ್ರಾಸ್ಟ್ ಮದ್ದನ್ನು ಕೊಟ್ಟು ತೆಗೆಯುತ್ತಾರೆ. ನರದ ಹೊದಿಕೆಯ ಗಡ್ಡೆ ಕಾಂಟ್ರಾಸ್ಟ್ ಹೀರಿಕೊಂಡು ಬೆಳಗುತ್ತದೆ, ಸರಳವಾದ ಸಿಸ್ಟ್ ಬೆಳಗುವುದಿಲ್ಲ. ದ್ರವದ ದಾರಿ ಅಗಲವೋ ಕಿರಿದೋ ಎಂಬುದು ಚಿಕಿತ್ಸೆಯ ಆಯ್ಕೆಗೆ ಅಗತ್ಯವಾದಾಗ ಬೆನ್ನಿನಲ್ಲಿ ಬಣ್ಣದ್ರವ ಹಾಕಿ ಸಿಟಿ ಮಯಲೋಗ್ರಾಂ ಮಾಡಿಸುತ್ತಾರೆ: ಸಿಸ್ಟ್ ತಕ್ಷಣ ತುಂಬಿದರೆ ದಾರಿ ಅಗಲ, ಗಂಟೆಗಳ ನಂತರ ತುಂಬಿದರೆ ಕಿರಿದು.

ಅಳತೆಗೆ ಬೆಲೆಯಿದೆ, ಆದರೆ ಜನ ಕೊಡುವಷ್ಟಲ್ಲ. 1.5 ಸೆಂ.ಮೀ.ಗಿಂತ ದೊಡ್ಡ ಸಿಸ್ಟ್‌ಗಳು ಲಕ್ಷಣಗಳನ್ನು ಉಂಟುಮಾಡುವ ಮತ್ತು ಚಿಕಿತ್ಸೆಗೆ ಸ್ಪಂದಿಸುವ ಸಾಧ್ಯತೆ ಹೆಚ್ಚು ಎಂದು ಹಲವು ಶಸ್ತ್ರಚಿಕಿತ್ಸಾ ವರದಿಗಳು ಹೇಳುತ್ತವೆ. 3 ಸೆಂ.ಮೀ. ಇದ್ದೂ ಏನೂ ತೊಂದರೆ ಇಲ್ಲದವರೂ ಇದ್ದಾರೆ. ನಿಮ್ಮ 2.2 ಸೆಂ.ಮೀ. ಸಂಶಯಕ್ಕೆ ಬಲ ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಎರಡು ಪರೀಕ್ಷೆಗಳು ನೆರವಾಗುತ್ತವೆ. ಒಂದು, ಸಂಶಯವಿರುವ ನರಬೇರಿನ ಪಕ್ಕಕ್ಕೆ ಚಿತ್ರದ ಮಾರ್ಗದರ್ಶನದಲ್ಲಿ ಸ್ವಲ್ಪ ಮರಗಟ್ಟಿಸುವ ಮದ್ದು ಹಾಕಿ ಕೆಲವು ಗಂಟೆಗಳ ಕಾಲ ನೋವು ಹೋಗುತ್ತದೆಯೇ ಎಂದು ನೋಡುವುದು. ಇನ್ನೊಂದು, ಸಿಸ್ಟ್‌ನ ದ್ರವವನ್ನು ಒಮ್ಮೆ ಸೂಜಿಯಿಂದ ತೆಗೆದು, ಅದು ಮತ್ತೆ ತುಂಬುವವರೆಗಿನ ಅವಧಿಯಲ್ಲಿ ನೋವು ಇಳಿಯುತ್ತದೆಯೇ ಎಂದು ಗಮನಿಸುವುದು. ಎರಡರ ಫಲಿತಾಂಶವನ್ನೂ ಎಚ್ಚರದಿಂದ ಓದಬೇಕು: ಮದ್ದು ಅಕ್ಕಪಕ್ಕದ ನರಗಳಿಗೂ ಹರಡುತ್ತದೆ, ಮತ್ತು ಅದೇ ನರದ ದಾರಿಯಲ್ಲಿ ಬೇರೆಲ್ಲೋ ಹುಟ್ಟಿದ ನೋವನ್ನೂ ಅದು ಮರೆಸಬಲ್ಲದು. ಇದರ ಜೊತೆಗೆ ಬೇರೆ ಕಾರಣಗಳನ್ನು ಒಂದೊಂದಾಗಿ ಬಿಡುತ್ತ ಬರಬೇಕು. ತ್ರಿಕಾಸ್ಥಿಗೂ ಸೊಂಟದ ಮೂಳೆಗೂ ನಡುವಿನ ಕೀಲು, ಬಾಲಮೂಳೆಯ ಪೆಟ್ಟು, ಪೃಷ್ಠದ ಸ್ನಾಯು ನರವನ್ನು ಹಿಂಡುವುದು, ಶ್ರೋಣಿಯ (ಕಿಬ್ಬೊಟ್ಟೆಯ ಕೆಳಗಿನ ಭಾಗದ) ನರದ ಬೇನೆ, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇವೆಲ್ಲ ಇದೇ ಜಾಗದಲ್ಲಿ ನೋಯಿಸುತ್ತವೆ. ಕೀಲುಗಳು ಅತಿಯಾಗಿ ಬಾಗುವ ಸ್ವಭಾವ ನಿಮಗೋ ಮನೆಯವರಿಗೋ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಮಾರ್ಫನ್, ಎಲರ್ಸ್-ಡಾನ್ಲೋಸ್‌ನಂಥ ಅಂಗಾಂಶ ದೌರ್ಬಲ್ಯಗಳಲ್ಲಿ ಪೊರೆಗಳೇ ತೆಳುವಾಗಿದ್ದು ಇಂಥ ಚೀಲಗಳು ಹೆಚ್ಚಾಗಿ ಕಾಣುತ್ತವೆ, ಹೊಲಿಗೆ ನಿಲ್ಲುವುದೂ ಕಷ್ಟವಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನೋವಿಗಿಂತ ಮೂತ್ರದ ಮಾತು. ಅವಸರವಾಗಿ ಮೂತ್ರ ಬರುವುದಕ್ಕೆ ಸೋಂಕು, ಋತುಬಂಧದ ಹತ್ತಿರದ ಬದಲಾವಣೆಗಳು, ಮೂತ್ರಕೋಶದ ಅತಿಚಟುವಟಿಕೆ ಹೀಗೆ ಹಲವು ಸಾಮಾನ್ಯ ಕಾರಣಗಳಿವೆ. ಆದರೆ ಎಸ್2 ನರದ ಸಿಸ್ಟ್ ಇರುವವರಲ್ಲಿ ಹೊಸದಾಗಿ ಮೂತ್ರದ ತೊಂದರೆ ಬಂದರೆ ಅದನ್ನು ಅಳೆಯದೆ ಬಿಡಬಾರದು. ಮೊದಲು ಮೂತ್ರಪರೀಕ್ಷೆ. ಆಮೇಲೆ, ಮೂತ್ರ ಮಾಡಿದ ಕೂಡಲೇ ಅಲ್ಟ್ರಾಸೌಂಡ್‌ನಲ್ಲಿ ಮೂತ್ರಕೋಶದಲ್ಲಿ ಎಷ್ಟು ಉಳಿದಿದೆ ಎಂದು ನೋಡುವುದು. ಇದಕ್ಕೆ ಐದು ನಿಮಿಷ ಸಾಕು, ನೋವಿಲ್ಲ. ಉಳಿಕೆ ಹೆಚ್ಚಿದ್ದರೆ ಅಥವಾ ಚಿತ್ರ ಅಸ್ಪಷ್ಟವಾಗಿದ್ದರೆ ಮೂತ್ರಕೋಶದ ಒತ್ತಡವನ್ನೂ ಮೂತ್ರದ ಹರಿವನ್ನೂ ಅಳೆಯುವ ಯುರೋಡೈನಮಿಕ್ ಪರೀಕ್ಷೆ. ನೀವು ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುತ್ತಿರುವುದು ಇಲ್ಲಿ ಮುಖ್ಯವಾಗುತ್ತದೆ: ನರನೋವಿಗೆ ಒಳ್ಳೆಯ ಮದ್ದೇ ಆದರೂ ಅದು ಮೂತ್ರಕೋಶ ಪೂರ್ತಿ ಖಾಲಿಯಾಗದಂತೆ ಮಾಡಬಲ್ಲದು, ಮಲಬದ್ಧತೆಯನ್ನೂ ತರಬಲ್ಲದು. ಉಳಿಕೆ ಮೂತ್ರ ಕಂಡುಬಂದರೆ ಅದು ಸಿಸ್ಟ್‌ನ ಕೆಲಸವೋ ಮಾತ್ರೆಯ ಕೆಲಸವೋ ಎಂದು ತಿಳಿಯಲು ವೈದ್ಯರು ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ಮತ್ತೆ ಅಳೆಯಬೇಕಾಗುತ್ತದೆ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ.

ಒಂದು ವಿಷಯದಲ್ಲಿ ಕಾಯುವ ಮಾತೇ ಇಲ್ಲ. ಗುದ ಮತ್ತು ಜನನಾಂಗದ ಸುತ್ತ ಸ್ಪರ್ಶ ತಿಳಿಯದಾದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಅರಿವಿಲ್ಲದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕುಂದುತ್ತಿದ್ದರೆ ಅದೇ ದಿನ ತುರ್ತು ಚಿಕಿತ್ಸೆಗೆ ಹೋಗಿ. ಅದರ ಕಾರಣ ಸಿಸ್ಟ್‌ಗಿಂತ ಹೆಚ್ಚಾಗಿ ಜಾರಿದ ಡಿಸ್ಕ್ ಇರಬಹುದು, ಆದರೆ ಆ ಸ್ಥಿತಿಯಲ್ಲಿ ಗಂಟೆಗಳಿಗೂ ಲೆಕ್ಕವಿದೆ.

ಕಾರಣ ಸಿಸ್ಟೇ ಎಂದು ತೋರಿತು, ನರದ ಕೆಲಸ ಸರಿಯಾಗಿದೆ, ತೊಂದರೆ ನೋವಿನದು ಮಾತ್ರ ಎಂದುಕೊಳ್ಳೋಣ. ಆಗ ಮೊದಲ ಹಂತ ಶಸ್ತ್ರವಿಲ್ಲದ ಚಿಕಿತ್ಸೆ, ಮತ್ತು ಅದನ್ನು ನಾಲ್ಕಾರು ವಾರ ಕಾಟಾಚಾರಕ್ಕೆ ಮಾಡಿ ಫಲಿಸಲಿಲ್ಲ ಎನ್ನಬಾರದು. ಕೆಲವು ತಿಂಗಳು ಸರಿಯಾಗಿ ಮಾಡಬೇಕು. ನರನೋವಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡ್ಯುಲೋಕ್ಸೆಟಿನ್ ಮೊದಲಾದ ಮದ್ದುಗಳನ್ನು ಕಡಿಮೆ ಪ್ರಮಾಣದಿಂದ ಶುರುಮಾಡಿ ಏರಿಸುತ್ತ ಹೋಗುತ್ತಾರೆ. ತೂಕಡಿಕೆ, ತಲೆ ತಿರುಗುವಿಕೆ, ಕಾಲು ಊತ ಕಾಣಬಹುದು, ಮೂತ್ರಪಿಂಡ ದುರ್ಬಲವಾಗಿದ್ದರೆ ಮೊದಲ ಎರಡರ ಪ್ರಮಾಣವನ್ನು ತಗ್ಗಿಸಬೇಕು. ಅಫೀಮು ವರ್ಗದ ನೋವುನಿವಾರಕಗಳು ಈ ಕಾಯಿಲೆಗೆ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅವು ತರುವ ಮಲಬದ್ಧತೆಯಿಂದ ತಿಣುಕಬೇಕಾಗುತ್ತದೆ, ತಿಣುಕಿದಷ್ಟೂ ಸಿಸ್ಟ್‌ನ ಒತ್ತಡ ಏರುತ್ತದೆ. ಮಲ ಮೆತ್ತಗಿರುವಂತೆ ನೋಡಿಕೊಳ್ಳುವುದೂ ಹಳೆಯ ಕೆಮ್ಮಿಗೆ ಚಿಕಿತ್ಸೆ ಮಾಡಿಸುವುದೂ ಇಲ್ಲಿ ನೋವಿನ ಚಿಕಿತ್ಸೆಯೇ ಆಗುತ್ತದೆ. ನಡುಭಾಗ ತೆರೆದಿರುವ ದಿಂಬು, ಒಂದೇ ಸಮನೆ ಕೂರದೆ ನಡುನಡುವೆ ಕೆಲವು ನಿಮಿಷ ಮಲಗುವುದು, ಉಸಿರು ಬಿಗಿಹಿಡಿಯದೆ ಮಾಡುವ ವ್ಯಾಯಾಮ, ಶ್ರೋಣಿಯ ಸ್ನಾಯುಗಳನ್ನು ಸಡಿಲಿಸುವುದನ್ನು ಬಲ್ಲ ಫಿಸಿಯೋಥೆರಪಿಸ್ಟ್‌ರ ಸಹಾಯ ಇವುಗಳಿಂದ ಹಲವರಿಗೆ ಬದುಕು ಸಹನೀಯವಾಗುತ್ತದೆ. ತ್ರಿಕಾಸ್ಥಿಯ ಮೇಲೆ ಬಲವಾಗಿ ಒತ್ತುವ, ಜಗ್ಗುವ ಚಿಕಿತ್ಸೆಗಳನ್ನು ದೂರವಿಡಿ.

ಸ್ಟೆರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರ ನೆಮ್ಮದಿ ಕೊಡುತ್ತದೆ, ಸಿಸ್ಟ್ ಅನ್ನು ಕರಗಿಸುವುದಿಲ್ಲ. ಬಾಲಮೂಳೆಯ ಹತ್ತಿರದ ರಂಧ್ರದಿಂದ ಹಾಕುವ ಕಾಡಲ್ ಇಂಜೆಕ್ಷನ್ ನಿಮಗೆ ಬೇಡ: ಸೂಜಿ ಸಿಸ್ಟ್‌ನೊಳಗೆ ಹೋದರೆ ಮದ್ದು ನೇರವಾಗಿ ಬೆನ್ನುಹುರಿಯ ದ್ರವಕ್ಕೆ ಸೇರಿಬಿಡುತ್ತದೆ. ಮುಂದೆ ಯಾವುದೇ ಕಾರಣಕ್ಕೆ ಬೆನ್ನಿಗೆ ಅರಿವಳಿಕೆ ಕೊಡುವ ಸಂದರ್ಭ ಬಂದರೂ ಈ ಸಿಸ್ಟ್ ಇರುವುದನ್ನು ಅರಿವಳಿಕೆ ತಜ್ಞರಿಗೆ ಹೇಳಿ ಚಿತ್ರವನ್ನೂ ತೋರಿಸಿ.

ಸೂಜಿಯ ಚಿಕಿತ್ಸೆ ಎರಡು ಬಗೆ. ದ್ರವವನ್ನು ತೆಗೆದುಬಿಡುವುದು ಮಾತ್ರವಾದರೆ ದಾರಿ ತೆರೆದೇ ಇರುವುದರಿಂದ ಸಿಸ್ಟ್ ಸಾಮಾನ್ಯವಾಗಿ ಮತ್ತೆ ತುಂಬುತ್ತದೆ. ಅದನ್ನು ಪರೀಕ್ಷೆ ಎಂದು ನೋಡಬಹುದೇ ಹೊರತು ಚಿಕಿತ್ಸೆ ಎಂದಲ್ಲ. ನಿಮ್ಮ ಮೂರನೆಯ ವೈದ್ಯರು ಹೇಳಿದ್ದು ದ್ರವ ತೆಗೆದ ಜಾಗಕ್ಕೆ ಫೈಬ್ರಿನ್ ಅಂಟನ್ನು ತುಂಬುವುದು. ಇದು ದಾನಿಗಳ ರಕ್ತದ ಪ್ಲಾಸ್ಮಾದಿಂದ ಮಾಡಿದ, ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನೇ ಬಳಸಿಕೊಳ್ಳುವ ಅಂಟು. ಸಿಟಿ ಚಿತ್ರ ನೋಡುತ್ತ, ಸವೆದು ತೆಳುವಾದ ಮೂಳೆಯ ಮೂಲಕ ಸಿಸ್ಟ್‌ಗೆ ಸಾಮಾನ್ಯವಾಗಿ ಎರಡು ಸೂಜಿಗಳನ್ನು ಇಳಿಸುತ್ತಾರೆ: ಒಂದರಿಂದ ದ್ರವ ಹೊರಗೆ ಬರುವಾಗ ಇನ್ನೊಂದು ಗಾಳಿಗೆ ದಾರಿ ಕೊಡುವುದರಿಂದ ಒಳಗೆ ಎಳೆತ ಉಂಟಾಗುವುದಿಲ್ಲ. 2016ರಲ್ಲಿ ಪ್ರಕಟವಾದ 213 ರೋಗಿಗಳ ವರದಿಯೊಂದರಲ್ಲಿ, ಒಂದು ವರ್ಷದ ನಂತರ ಐವರಲ್ಲಿ ಸುಮಾರು ನಾಲ್ವರು ತಮಗೆ ಗುಣ ಕಂಡಿದೆ ಎಂದಿದ್ದರು. ಅಲ್ಲಿ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಇರಲಿಲ್ಲ ಎಂಬುದನ್ನು ಮರೆಯದೆ ಈ ಸಂಖ್ಯೆಯನ್ನು ಓದಬೇಕು. ಚಿಕಿತ್ಸೆಯ ನಂತರ ದಿನಗಳಿಂದ ವಾರಗಳವರೆಗೆ ನೋವು ಮೊದಲಿಗಿಂತ ಹೆಚ್ಚುವುದುಂಟು. ಅಂಟಿಗೆ ಅಲರ್ಜಿ ಆಗಬಹುದು. ಅಂಟು ದಾರಿಯ ಮೂಲಕ ಮೇಲಕ್ಕೆ ನುಸುಳಿದರೆ ಸೋಂಕಿಲ್ಲದೆಯೂ ಮಿದುಳಿನ ಪೊರೆಗಳ ಉರಿಯೂತವಾದ ಮೆನಿಂಜೈಟಿಸ್‌ನಂಥ ತಲೆನೋವು, ಜ್ವರ, ಕುತ್ತಿಗೆ ಬಿಗಿತ ಬರುತ್ತದೆ. ಆದ್ದರಿಂದಲೇ ದಾರಿ ಅಗಲವಾಗಿರುವ, ಬೇಗ ತುಂಬುವ ಸಿಸ್ಟ್‌ಗೆ ಈ ವಿಧಾನ ಸಲ್ಲದು. ಸೂಜಿ ಎಂದ ಮಾತ್ರಕ್ಕೆ ಇದು ಪೂರ್ತಿ ಹಿಂದಕ್ಕೆ ಪಡೆಯಬಹುದಾದ ಹೆಜ್ಜೆಯಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ತುಂಬಿದ ಅಂಟಿನ ಸುತ್ತ ಅಂಗಾಂಶ ಗಟ್ಟಿಯಾಗಿ ಅಂಟಿಕೊಂಡು, ಮುಂದೆ ಶಸ್ತ್ರಚಿಕಿತ್ಸೆ ಬೇಕಾದರೆ ನರವನ್ನು ಬಿಡಿಸುವುದು ಕಷ್ಟವಾಗಬಹುದು.

ಶಸ್ತ್ರಚಿಕಿತ್ಸೆಯಲ್ಲಿ ರೋಗಿಯನ್ನು ಬೋರಲು ಮಲಗಿಸಿ, ತ್ರಿಕಾಸ್ಥಿಯ ಹಿಂಬದಿಯ ತೆಳು ಮೂಳೆಯನ್ನು ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಸಿಸ್ಟ್ ಅನ್ನು ತೆರೆಯುತ್ತಾರೆ. ಕಾಲಿನ ಸ್ನಾಯುಗಳಿಗೂ ಗುದದ ಸ್ನಾಯುವಿಗೂ ಮೊದಲೇ ಎಲೆಕ್ಟ್ರೋಡ್ ಜೋಡಿಸಿರುತ್ತಾರೆ. ಸಿಸ್ಟ್‌ನ ಗೋಡೆಯನ್ನು ಸಣ್ಣ ವಿದ್ಯುತ್ ತುದಿಯಿಂದ ಮುಟ್ಟುತ್ತ ಹೋದಾಗ ಸ್ನಾಯು ಮಿಡಿದರೆ ಅಲ್ಲಿ ನರವಿದೆ, ಮಿಡಿಯದಿದ್ದರೆ ಆ ಜಾಗದಲ್ಲಿ ತೆರೆಯಬಹುದು. ಒಳಗಿನ ದ್ರವ ಹೋದ ಮೇಲೆ ಗೋಡೆಯನ್ನು ನರದ ಸುತ್ತ ಮಡಿಸಿ ಹೊಲಿದು, ದ್ರವ ಬರುವ ದಾರಿಯನ್ನು ರೋಗಿಯದೇ ಕೊಬ್ಬಿನ ಅಥವಾ ಸ್ನಾಯುವಿನ ಚೂರಿನಿಂದ ಅಂಟಿನೊಡನೆ ಮುಚ್ಚುತ್ತಾರೆ. ಸಿಸ್ಟ್ ಅನ್ನು ನರದ ಸಮೇತ ಕತ್ತರಿಸಿ ತೆಗೆಯುವ ವಿಧಾನವನ್ನು ಯಾರಾದರೂ ನಿಮಗೆ ಸೂಚಿಸಿದ್ದರೆ, ಇನ್ನೊಬ್ಬರನ್ನು ಕಾಣದೆ ಒಪ್ಪಬೇಡಿ. ಆಯ್ದ ರೋಗಿಗಳ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ನೋವು ಗಣನೀಯವಾಗಿ ಇಳಿದಿದೆ. ಇದರ ಜೊತೆಗೆ ದ್ರವ ಸೋರುವುದು, ಗುದಕ್ಕೆ ಹತ್ತಿರವಿರುವ ಗಾಯಕ್ಕೆ ಸೋಂಕು, ಸಿಸ್ಟ್ ಮರಳಿ ತುಂಬುವುದು, ಮೂತ್ರ ಮಲಗಳ ಹೊಸ ತೊಂದರೆ ಇವೂ ವರದಿಯಾಗಿವೆ. ಗುಣವಾಗುವುದು ನಿಧಾನ: ಎರಡು ವರ್ಷ ಕೆರಳಿದ ನರ ಶಾಂತವಾಗಲು ತಿಂಗಳುಗಳು ಬೇಕು, ಒಂದು ವರ್ಷದವರೆಗೂ ಬದಲಾವಣೆ ಕಾಣುತ್ತಿರುತ್ತದೆ. ಉಳಿದಿರುವ ನೋವು ಹೋಗುವುದಕ್ಕಿಂತ ಕಳೆದುಹೋದ ಸ್ಪರ್ಶ ಅಥವಾ ಮೂತ್ರದ ಹಿಡಿತ ಮರಳುವುದು ಇನ್ನೂ ಅನಿಶ್ಚಿತ. ನರದ ಕೆಲಸ ನಿಜವಾಗಿಯೂ ಕುಂದುತ್ತಿರುವವರನ್ನು ಬಹಳ ಕಾಯಿಸಬಾರದೆಂದು ನಾನು ಹೇಳುವುದು ಅದಕ್ಕಾಗಿ.

ಸೂಜಿ ಮತ್ತು ಶಸ್ತ್ರಚಿಕಿತ್ಸೆ ಎರಡರ ಬಗ್ಗೆಯೂ ನಮ್ಮ ಕೈಯಲ್ಲಿರುವುದು ಹೆಚ್ಚಾಗಿ ಒಂದೊಂದು ಕೇಂದ್ರದವರು ತಮ್ಮ ರೋಗಿಗಳ ಬಗ್ಗೆ ಬರೆದ ವರದಿಗಳು. ಯಾರನ್ನು ಆರಿಸಿಕೊಂಡರು, ಸುಧಾರಣೆ ಎಂದರೆ ಏನೆಂದು ಲೆಕ್ಕಹಾಕಿದರು ಎಂಬುದು ಒಂದರಿಂದ ಒಂದಕ್ಕೆ ಬದಲಾಗುತ್ತದೆ. ಆದ್ದರಿಂದ ಒಬ್ಬ ಚಿಕಿತ್ಸಕರು ಹೇಳುವ ಶೇಕಡಾವಾರು ಕೇಳುವುದಕ್ಕಿಂತ ಅವರ ಅನುಭವವನ್ನು ಕೇಳುವುದು ಉಪಯುಕ್ತ. ಈ ಸಿಸ್ಟ್‌ಗಳಿಗೆ ಎಷ್ಟು ಜನರಿಗೆ ಚಿಕಿತ್ಸೆ ಮಾಡಿದ್ದೀರಿ? ಒಂದು ವರ್ಷದ ನಂತರ ಅವರನ್ನು ನೋಡಿದ್ದೀರಾ? ಎಷ್ಟು ಜನರಿಗೆ ದ್ರವ ಸೋರಿತು, ಎಷ್ಟು ಜನರಿಗೆ ಮೂತ್ರದ ತೊಂದರೆ ಹೊಸದಾಗಿ ಬಂತು? ನನಗೆ ಚಿಕಿತ್ಸೆ ಬೇಡವೆಂದು ನಿಮಗೆ ಅನ್ನಿಸುವುದು ಯಾವ ಸಂದರ್ಭದಲ್ಲಿ? ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರ ಮೇಲೆ ನನಗೆ ಹೆಚ್ಚು ನಂಬಿಕೆ.

ಈಗ ನಿಮ್ಮ ವಿಷಯದಲ್ಲಿ ನಾನು ಹೇಳುವ ಕ್ರಮ ಹೀಗಿದೆ. ಮೂತ್ರಪರೀಕ್ಷೆ ಮತ್ತು ಉಳಿಕೆ ಮೂತ್ರದ ಅಳತೆಯನ್ನು ಈ ವಾರವೇ ಮಾಡಿಸಿ. ಎಷ್ಟು ಹೊತ್ತು ಕುಳಿತ ಮೇಲೆ ನೋವು ಶುರುವಾಯಿತು, ಮಲಗಿದ ಎಷ್ಟು ನಿಮಿಷಕ್ಕೆ ಇಳಿಯಿತು, ಎಲ್ಲಿಯವರೆಗೆ ಹರಡಿತು, ಮೂತ್ರಕ್ಕೆ ಎಷ್ಟು ಸಲ ಹೋದಿರಿ ಎಂಬುದನ್ನು ಎರಡು ವಾರ ದಿನವೂ ಬರೆದಿಡಿ. ನೆನಪಿನಿಂದ ಹೇಳಿದ ಮಾತಿಗಿಂತ ಈ ಪುಟಗಳು ವೈದ್ಯರಿಗೆ ಹೆಚ್ಚು ತಿಳಿಸುತ್ತವೆ. ತ್ರಿಕಾಸ್ಥಿಯ ಎಂಆರ್‌ಐ ಮಾಡಿಸಿ, ಬರಹದ ವರದಿ ಮಾತ್ರವಲ್ಲದೆ ಚಿತ್ರಗಳ ಸಿಡಿಯನ್ನೂ ಇಟ್ಟುಕೊಂಡು, ನರಗಳ ಪರೀಕ್ಷೆಯನ್ನು ಪೂರ್ತಿ ಮಾಡುವ ಒಬ್ಬ ಬೆನ್ನುಹುರಿ ಶಸ್ತ್ರಚಿಕಿತ್ಸಕರನ್ನು ಕಾಣಿ. ಮೂತ್ರಕೋಶ ಸರಿಯಾಗಿ ಖಾಲಿಯಾಗುತ್ತಿದ್ದು, ಸ್ಪರ್ಶ ಸರಿಯಿದ್ದು, ನೋವು ಮಾತ್ರ ಉಳಿದಿದ್ದರೆ ಮೂರರಿಂದ ಆರು ತಿಂಗಳು ಮೇಲೆ ಹೇಳಿದ ಚಿಕಿತ್ಸೆಯನ್ನು ನಡೆಸಿ. ಅದಕ್ಕೂ ಬಗ್ಗದ ನೋವು ಕುಳಿತು ಕೆಲಸ ಮಾಡಲು ಬಿಡದಿದ್ದರೆ ಮತ್ತು ನರಬೇರಿನ ಪರೀಕ್ಷೆ ಸಿಸ್ಟ್ ಅನ್ನೇ ತೋರಿಸಿದರೆ, ದಾರಿ ಕಿರಿದಾಗಿದ್ದಲ್ಲಿ ಅಂಟಿನ ಚಿಕಿತ್ಸೆಯನ್ನೂ ಅಗಲವಾಗಿದ್ದಲ್ಲಿ ಶಸ್ತ್ರಚಿಕಿತ್ಸೆಯನ್ನೂ ಪರಿಗಣಿಸುವುದು ನ್ಯಾಯ. ಮಾತ್ರೆ ಇಳಿಸಿದ ಮೇಲೂ ಮೂತ್ರ ಉಳಿಯುತ್ತಿದ್ದರೆ, ಅಥವಾ ಎಸ್2, ಎಸ್3ರ ಭಾಗದಲ್ಲಿ ಸ್ಪರ್ಶ ಮಂದವಾಗಿದ್ದರೆ, ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಂಡು ಆ ಆರು ತಿಂಗಳು ಕಾಯದೆ ನೇರವಾಗಿ ಶಸ್ತ್ರಚಿಕಿತ್ಸೆಯ ಮಾತುಕತೆಗೆ ಹೋಗಿ. ಪರೀಕ್ಷೆಗಳೆಲ್ಲ ಡಿಸ್ಕ್ ಕಡೆಗೋ ಕೀಲಿನ ಕಡೆಗೋ ತೋರಿಸಿದರೆ ಸಿಸ್ಟ್ ಅನ್ನು ಮುಟ್ಟದೆ ಬಿಟ್ಟು, ಒಂದು ವರ್ಷದ ನಂತರ ಎಂಆರ್‌ಐ ಮಾಡಿಸಿ ಅದು ಬೆಳೆದಿದೆಯೇ ಎಂದು ಮಾತ್ರ ನೋಡಿದರೆ ಸಾಕು.